ಸಂಬಳದ ತಾರೀಖು

ಇಂದು ತಿಂಗಳ 12ನೇ ತಾರೀಖು. ಹಿಂದಿನ ತಿಂಗಳ ಸಂಬಳ ಇನ್ನೂ ನನ್ನ ಖಾತೆಗೆ ಜಮೆಯಾಗಿಲ್ಲ. ವಿಚಾರಿಸಿದಾಗ, ಲೆಕ್ಕ ಶೀರ್ಷಿಕೆಯಡಿ, ಅಂದರೆ ಬಜೆಟ್‌ನಲ್ಲಿ ಸಂಬಳಕ್ಕೆಂದು ಗುರುತಿಸಿದ ಬಾಬಿನಡಿ, ಅನುದಾನ ಬಿಡುಗಡೆಯಾಗಿಲ್ಲವೆಂಬ ಎಂದಿನ ಉತ್ತರವೇ ದೊರೆಯಿತು. ಹಾಜರಾತಿ ದೃಢಪಟ್ಟು, ವೇತನ ಬಟವಾಡೆ ಅಧಿಕಾರಿಯು ಬಿಲ್ಲಿಗೆ ಸಹಿ ಹಾಕಿ, ಅದು ಖಜಾನೆಯಲ್ಲಿ ತಪಾಸಣೆಗೊಂಡು ಬ್ಯಾಂಕಿಗೆ ತಲುಪುವವರೆಗಿನ ದಾರಿಯಲ್ಲಿ ಯಾವುದಾದರೂ ಒಂದು ಮೇಜಿನ ಮೇಲೆ ಬಿಲ್ಲು ನಿಂತರೂ ಇಡೀ ಕಚೇರಿಯ ಸಂಬಳ ನಿಲ್ಲುತ್ತದೆ. ಆ ಅಧಿಕಾರಿ ವರ್ಗವಾಗಿ, ಹೊಸಬರಿಗೆ ಸಹಿಯ ಅಧಿಕಾರ ಸಿಗುವುದು ತಡವಾದರಂತೂ ಕೇಳುವುದೇ ಬೇಡ. ಸಾಲದ ಕಂತು ಮಾತ್ರ ಯಾವ ಅನುದಾನಕ್ಕೂ ಕಾಯದೆ ತನ್ನ ದಿನಕ್ಕೆ ಸರಿಯಾಗಿ ಕಡಿತವಾಗುತ್ತದೆ!

2020ರಲ್ಲಿ ಕೋವಿಡ್ ಕಾರಣ ನೀಡಿ ಆಂಧ್ರಪ್ರದೇಶ ಸರ್ಕಾರವು ಮಾರ್ಚ್ ಮತ್ತು ಏಪ್ರಿಲ್ ತಿಂಗಳ ವೇತನದ ಹಾಗೂ ಮಾರ್ಚ್ ತಿಂಗಳ ಪಿಂಚಣಿಯ ಒಂದು ಭಾಗವನ್ನು ಮುಂದೂಡಿದ ಪ್ರಕರಣ ನೆನಪಾಯಿತು. ಅಲ್ಲಿನ ಹೈಕೋರ್ಟ್ ಶೇ. 12ರ ಬಡ್ಡಿ ನೀಡುವಂತೆ ಆದೇಶಿಸಿತ್ತು; 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಶೇ. 6ಕ್ಕೆ ಇಳಿಸಿತಾದರೂ, ಸಲ್ಲಿಸಿದ ಸೇವೆಗೆ ವೇತನ ಪಡೆಯುವುದು ನೌಕರರ ಹಕ್ಕು ಎಂಬುದನ್ನು ಎತ್ತಿಹಿಡಿಯಿತು. ನನಗೆ ಬಡ್ಡಿಯ ದರಕ್ಕಿಂತ ಮುಖ್ಯವೆನಿಸುವುದು, ತಡಕ್ಕೂ ಒಂದು ಬೆಲೆಯಿದೆಯೆಂದು ನ್ಯಾಯಾಲಯ ಒಪ್ಪಿದ್ದು. ಆದರೆ ಎರಡು ವಾರದ ವಿಳಂಬಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತುವವರು ಯಾರು? ವೇತನದ ಅನುದಾನವನ್ನು ಮೂರು ತಿಂಗಳ ಮಟ್ಟಿಗೆ ಮುಂಗಡವಾಗಿ ಬಿಡುಗಡೆ ಮಾಡಿ, ಬಟವಾಡೆ ಅಧಿಕಾರಿ ವರ್ಗವಾದ ದಿನವೇ ಮತ್ತೊಬ್ಬರಿಗೆ ಸಹಿಯ ಅಧಿಕಾರ ನೀಡಿದರೆ ಈ ತೊಡಕಿನ ಬಹುಪಾಲು ನೀಗುತ್ತದೆಂದು ನನ್ನ ಎಣಿಕೆ. ನಾಳೆ ಲೆಕ್ಕಪತ್ರ ಶಾಖೆಗೆ ಮತ್ತೊಮ್ಮೆ ಹೋಗಿ ವಿಚಾರಿಸಬೇಕು.