ನಕ್ಷೆಯ ಮೇಲಿನ ಪೆನ್ಸಿಲ್ ಗೆರೆ

ಕಳೆದ ಅಕ್ಟೋಬರಿನ ಒಂದು ಸಂಜೆ, ಅಮೆರಿಕದ ಕೊಲೊರಾಡೊ ರಾಜ್ಯದ ಫ್ಲ್ಯಾಟ್ ಟಾಪ್ಸ್ ಬೆಟ್ಟಗಳಲ್ಲಿ, ಅಪ್ಪ ಗುರಿಯಿಟ್ಟ ಕೋವಿಯನ್ನು ಈಡು ಹೊಡೆಯದೆ ಕೆಳಗಿಳಿಸಿದರು. ನಮ್ಮಿಂದ ಸುಮಾರು ಇನ್ನೂರು ಮೀಟರ್ ಕೆಳಗೆ, ಕಡಿದಾದ ಇಳಿಜಾರಿನ ಹುಲ್ಲಿನಲ್ಲಿ, ಒಂದು ಹೆಣ್ಣು ಎಲ್ಕ್ ಪೂರ್ತಿ ಪಕ್ಕೆ ತೋರಿಸಿಕೊಂಡು ಮೇಯುತ್ತಿತ್ತು. ಇಳಿಬಿಸಿಲಿಗೆ ಗಾಳಿ ಇನ್ನೂ ಕಣಿವೆಯಿಂದ ಮೇಲಕ್ಕೇ ಬರುತ್ತಿದ್ದುದರಿಂದ ನಮ್ಮ ವಾಸನೆ ಅದಕ್ಕೆ ತಲುಪಿರಲಿಲ್ಲ. ಅಪ್ಪನ ಜೇಬಿನಲ್ಲಿದ್ದದ್ದು ಹೆಣ್ಣು ಎಲ್ಕಿನ ಪರವಾನಗಿಯೇ. ಇಪ್ಪತ್ತೈದು ವರ್ಷಗಳಿಂದ ಅವರ ಪಕ್ಕದಲ್ಲಿ ಕೂತು ಬೇಟೆಯಾಡುತ್ತಿರುವ ನಾನು, ಅಂಥ ಅವಕಾಶವನ್ನು ಅವರು ಬಿಟ್ಟದ್ದನ್ನು ಅದುವರೆಗೆ ನೋಡಿರಲಿಲ್ಲ.

"ಅದು ಬೀಳುವ ಜಾಗ ನೋಡು ಪುಟ್ಟಿ" ಎಂದರು.

ಎಲ್ಕ್ ಜಿಂಕೆಯ ಕುಲದ್ದೇ ಆದರೂ ನಮ್ಮ ಕಡವೆಗಿಂತ ಮೈಕಟ್ಟಿನಲ್ಲಿ ದೊಡ್ಡದು. ಬೆಳೆದ ಹೆಣ್ಣು ಸುಮಾರು 225 ಕಿಲೋ ತೂಗುತ್ತದೆ, ಗಂಡು 320 ಕಿಲೋ. ಅದು ನೆಲಕ್ಕೆ ಬಿದ್ದ ಮೇಲೆ ಅದನ್ನು ಎಳೆದು ತರುವ ಮಾತೇ ಇಲ್ಲ. ಬಿದ್ದಲ್ಲೇ ಸುಲಿದು, ನಾಲ್ಕು ಕಾಲುಗಳನ್ನೂ ಬೆನ್ನಿನ ಮಾಂಸವನ್ನೂ ಬೇರೆಬೇರೆ ಮಾಡಿ ಬೆನ್ನ ಮೇಲೆ ಹೊತ್ತು ತರಬೇಕು. ತಿನ್ನಲು ಬರುವ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬರುವುದು ಕೊಲೊರಾಡೊದಲ್ಲಿ ಅಪರಾಧ, ಮತ್ತು ಕಾನೂನು ಇಲ್ಲದಿದ್ದರೂ ಅಪ್ಪ ಒಂದು ತುಂಡನ್ನೂ ಬಿಡುವವರಲ್ಲ. ನಾವು ಹೋಗುವ ಜಾಗ ವೈಟ್ ರಿವರ್ ರಾಷ್ಟ್ರೀಯ ಅರಣ್ಯದೊಳಗಿನ ವನ್ಯಪ್ರದೇಶ. 1964ರ ವನ್ಯಪ್ರದೇಶ ಕಾಯಿದೆಯ ಪ್ರಕಾರ ಅದರೊಳಗೆ ಎಂಜಿನ್ ಇರುವ ಯಾವ ವಾಹನವೂ ಹೋಗುವಂತಿಲ್ಲ, ಸೈಕಲ್ ಹೋಗುವಂತಿಲ್ಲ, ಮಾಂಸ ಸಾಗಿಸುವ ಕೈಗಾಡಿಯನ್ನು ತಳ್ಳುವುದಕ್ಕೂ ಅವಕಾಶವಿಲ್ಲ. ಕುದುರೆ ಇದ್ದವರಿಗೆ ಕುದುರೆ. ಇಲ್ಲದ ನಮ್ಮಂಥವರಿಗೆ ನಮ್ಮ ಬೆನ್ನು.

ಈ ಕಾರಣಕ್ಕೇ ಅಪ್ಪನ ಬಳಿ ಒಂದು ನಕ್ಷೆ ಇದೆ. ಮಡಿಕೆಗಳಲ್ಲಿ ಹರಿದು ಟೇಪ್ ಹಚ್ಚಿಸಿಕೊಂಡಿರುವ ಆ ಕಾಗದದ ಮೇಲೆ ಪೆನ್ಸಿಲಿನಲ್ಲಿ ಎಳೆದ ಕೆಲವು ಗೆರೆಗಳಿವೆ, ಪ್ರತಿ ಗೆರೆಯ ತುದಿಯಲ್ಲೂ ಒಂದು ಇಸವಿ. ಆ ವರ್ಷ ಗೆರೆಯ ಆಚೆ ಎಲ್ಕ್ ಕಂಡರೆ ದುರ್ಬೀನಿನಲ್ಲಿ ಮನಸಾರೆ ನೋಡಿ ಹಿಂದಿರುಗುವುದು, ಈಡು ಹೊಡೆಯುವುದು ಗೆರೆಯ ಈಚೆ ಮಾತ್ರ. 2006ರ ಗೆರೆ ಎರಡು ಕಣಿವೆಗಳನ್ನು ದಾಟಿ ದೂರದ ದಿಣ್ಣೆಯವರೆಗೆ ಹೋಗಿದೆ. ಆ ವರ್ಷ ಅಪ್ಪ ಒಂದು ಹಿಂದೊಡೆಯನ್ನು ಮೂಳೆಸಹಿತ ಹೊತ್ತು ಒಂದೇ ಉಸಿರಿನಲ್ಲಿ ಮೇಲೆ ಬಂದದ್ದು ನನಗೆ ನೆನಪಿದೆ. 2015ರದ್ದು ಒಂದು ಕಣಿವೆ ಈಚೆ ಬಂದಿದೆ. ಅಂದು ಸಂಜೆ ಕಂಡ ಎಲ್ಕ್ ಕಳೆದ ಅಕ್ಟೋಬರಿಗೆಂದು ಎಳೆದಿದ್ದ ಗೆರೆಯ ಒಳಗೇ ಇತ್ತು. ಆದರೂ ಅಪ್ಪ ಬೇಡವೆಂದರು.

"ನಾನು ಹೊರುತ್ತೇನಲ್ಲ ಅಪ್ಪ" ಎಂದೆ.

"ನೀನು ನಾಲ್ಕು ಸಲ ಇಳಿದು ಹತ್ತಬೇಕು. ಕತ್ತಲಾಗುತ್ತದೆ. ನಾನು ಮೇಲೆ ಕೂತು ನಿನ್ನ ಟಾರ್ಚಿನ ಬೆಳಕು ನೋಡುತ್ತಿರಬೇಕು. ಬೇಡ."

ಅವರ ದನಿಯಲ್ಲಿ ಬೇಸರವಿರಲಿಲ್ಲ. ಅರವತ್ತೊಂಬತ್ತು ವರ್ಷದ ಮನುಷ್ಯ ತನ್ನ ಮೊಣಕಾಲುಗಳನ್ನು ಅಳೆದು, ಇಳಿಜಾರನ್ನು ಅಳೆದು, ಲೆಕ್ಕ ಹೇಳಿದಂತೆ ಹೇಳಿದರು. ನಾವು ಬೆಳಕು ಹೋಗುವವರೆಗೂ ಅಲ್ಲೇ ಕೂತು ಅದು ಮೇಯುವುದನ್ನು ನೋಡಿದೆವು.

ಎಂಬತ್ತರ ದಶಕದಲ್ಲಿ ಕೆಲಸಕ್ಕೆಂದು ಈ ರಾಜ್ಯಕ್ಕೆ ಬಂದ ಅಪ್ಪನಿಗೆ ಇಲ್ಲಿ ಸ್ವಂತದ ಒಂದು ಎಕರೆ ಕಾಡೂ ಇರಲಿಲ್ಲ, ಜಮೀನಿರುವ ನೆಂಟರೂ ಇರಲಿಲ್ಲ. 1949ರ ಜನವರಿ 1ರಂದು ಅಥವಾ ಆ ನಂತರ ಹುಟ್ಟಿದವರು ಬೇಟೆಯ ಸುರಕ್ಷತಾ ತರಗತಿ ಮುಗಿಸಿದ ಮೇಲೆಯೇ ಇಲ್ಲಿ ಪರವಾನಗಿ ಪಡೆಯಬಹುದಾದ್ದರಿಂದ, ನನಗೆ ಹನ್ನೆರಡಾದಾಗ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆದೆವು. ಆಮೇಲೆ ಅವರು ಮೊದಲು ಮಾಡಿದ ಕೆಲಸ ಈ ನಕ್ಷೆಯನ್ನು ತಂದು ಊಟದ ಮೇಜಿನ ಮೇಲೆ ಹರಡಿದ್ದು. ಹಸಿರು ಬಣ್ಣದಲ್ಲಿ ತೋರಿಸಿರುವ ಸರ್ಕಾರಿ ಕಾಡಿನಲ್ಲೆಲ್ಲ ಯಾರ ಅನುಮತಿಯನ್ನೂ ಕೇಳದೆ ನಡೆಯಬಹುದು ಎಂದು ನನಗೆ ತೋರಿಸುತ್ತ, ಅದನ್ನು ತಮಗೇ ನಂಬಿಸಿಕೊಳ್ಳುವಂತೆ ಎರಡು ಮೂರು ಸಲ ಹೇಳಿದರು. ಈ ಕಾಡನ್ನು ಸರ್ಕಾರ 1891ರಲ್ಲೇ ಕಾಯ್ದಿರಿಸಿತ್ತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಮಿತಿಯಿಲ್ಲದ ಬೇಟೆಯಿಂದ ಕೊಲೊರಾಡೊದ ಎಲ್ಕ್‌ಗಳು ಬಹುತೇಕ ಮುಗಿದುಹೋಗಿದ್ದವು. ಇದೇ ರಾಜ್ಯದ ಎಸ್ಟೆಸ್ ಪಾರ್ಕ್ ಎಂಬ ಊರಿಗೆ 1913 ಮತ್ತು 1914ರಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಿಂದ ಎಲ್ಕ್‌ಗಳನ್ನು ತಂದು ಬಿಡಬೇಕಾಯಿತು. ಇಂದು ಬೇರೆ ಯಾವ ರಾಜ್ಯದಲ್ಲೂ ಇಲ್ಲದಷ್ಟು ಎಲ್ಕ್ ಇಲ್ಲಿವೆ. ನಾವು ಕೊಳ್ಳುವ ಕೋವಿ ಮತ್ತು ತೋಟಾಗಳ ಮೇಲೆ 1937ರ ಕಾನೂನಿನಂತೆ ವಿಧಿಸುವ ಶೇಕಡಾ 11ರ ತೆರಿಗೆ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ ಎಂಬುದನ್ನು ಅಪ್ಪ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆ ಹೆಮ್ಮೆ ನನ್ನದೂ ಹೌದು.

ಎರಡನೆಯ ದಿನ ಹಿಕ್ಕೆ ಮತ್ತು ಹಳೆಯ ಹೆಜ್ಜೆಗಳ ಹೊರತು ಏನೂ ಕಾಣಲಿಲ್ಲ.

ಮೂರನೆಯ ಬೆಳಗ್ಗೆ ಕತ್ತಲಿರುವಾಗಲೇ ಹೊರಟು, ದಾರಿಯಿಂದ ಅಷ್ಟೇನೂ ದೂರವಿಲ್ಲದ ಆಸ್ಪೆನ್ ತೋಪಿನ ಕೆಳಗೆ ನಿಂತೆವು. ಸೂರ್ಯ ಹುಟ್ಟುವ ಮೊದಲು ತಣ್ಣನೆಯ ಗಾಳಿ ಬೆಟ್ಟದಿಂದ ಕೆಳಕ್ಕೆ ಹರಿಯುತ್ತದೆ, ಬಿಸಿಲು ಇಳಿಜಾರಿಗೆ ತಾಗಿದ ಮೇಲೆ ತಿರುಗಿ ಮೇಲಕ್ಕೇರುತ್ತದೆ. ಮೇಲಿನ ಹುಲ್ಲುಗಾವಲಿನಲ್ಲಿರುವ ಎಲ್ಕ್‌ಗಳ ಹತ್ತಿರ ಹೋಗಬೇಕಾದರೆ ಈ ತಿರುವಿನ ಮೊದಲೇ ಹೋಗಬೇಕು. ಗಾಳಿಯ ದಿಕ್ಕು ನೋಡಲು ಅಪ್ಪ ಪುಟ್ಟ ಪ್ಲಾಸ್ಟಿಕ್ ಬಾಟಲಿಯನ್ನು ಹಿಸುಕಿದಾಗ ಹೊರಬಂದ ಬಿಳಿ ಪುಡಿ ಒಂದು ಕ್ಷಣ ನಮ್ಮೆದುರು ತೂಗಿ, ಅವರ ಕಿತ್ತಳೆ ಬಣ್ಣದ ಜಾಕೆಟನ್ನು ಸವರಿ ಹಿಂದಕ್ಕೆ ಹೋಯಿತು. ಇನ್ನೂ ಹೊತ್ತಿತ್ತು. ನಾವು ಐವತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ ಹತ್ತಿದೆವು; ಮೂರು ಸಾವಿರ ಮೀಟರಿಗೂ ಮೇಲಿನ ಆ ಎತ್ತರದಲ್ಲಿ ಉಸಿರು ಸಮಸ್ಥಿತಿಗೆ ಬಾರದೆ ಗುರಿ ನಿಲ್ಲುವುದಿಲ್ಲ. ತೋಪಿನ ಅಂಚಿಗೆ ಬಂದಾಗ ಐದು ಹೆಣ್ಣು ಎಲ್ಕ್‌ಗಳು ಸಮತಟ್ಟಾದ ಹುಲ್ಲಿನ ಮೇಲಿದ್ದವು. ಅಪ್ಪ ನನ್ನ ಕಡೆ ತಿರುಗಿ ತಲೆಯಾಡಿಸಿದರು. ಈ ರಾಜ್ಯದಲ್ಲಿ ಒಬ್ಬರ ಪರವಾನಗಿಗೆ ಇನ್ನೊಬ್ಬರು ಹೊಡೆಯುವಂತಿಲ್ಲ. ಏಪ್ರಿಲ್‌ನಲ್ಲಿ ಇಬ್ಬರೂ ಅರ್ಜಿ ಹಾಕಿ, ಇಬ್ಬರ ಹೆಸರೂ ಚೀಟಿಯಲ್ಲಿ ಎದ್ದಿತ್ತು. ಬ್ಯಾಗಿನ ಮೇಲೆ ಕೋವಿ ಊರಿ, ಮುಂಗಾಲಿನ ಹಿಂದಕ್ಕೆ ಗುರಿಯಿಟ್ಟು ಹೊಡೆದೆ. ಅದು ನಲವತ್ತು ಹೆಜ್ಜೆಯಷ್ಟು ಓಡಿ, ನಿಂತು, ಮಂಡಿಯೂರಿ ಬಿತ್ತು.

ಹತ್ತಿರ ಹೋದಾಗ ಅದರ ಕಣ್ಣಿನಲ್ಲಿ ಆಸ್ಪೆನ್ ಎಲೆಗಳ ಹಳದಿ ಇನ್ನೂ ಕಾಣುತ್ತಿತ್ತು. ಅಪ್ಪ ಟೋಪಿ ತೆಗೆದು ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತರು. ನಾನು ಪರವಾನಗಿ ಚೀಟಿಗೆ ದಿನಾಂಕ ಹಾಕಿ ಸಹಿ ಮಾಡಿದೆ. ಆಮೇಲಿನ ಎರಡು ಗಂಟೆ ಮಾತಿಲ್ಲದ ಕೆಲಸ. ಬೆನ್ನಹುರಿಯ ಉದ್ದಕ್ಕೆ ಚರ್ಮ ಬಿಡಿಸಿದೆವು. ಅಪ್ಪ ಮುಂಗಾಲನ್ನು ಎತ್ತಿ ಹಿಡಿದರೆ ನಾನು ಅದರಡಿಯಲ್ಲಿ ಚಾಕು ಆಡಿಸಿದೆ. ಅಲ್ಲಿ ಕೀಲೇ ಇಲ್ಲ, ಬರೀ ಮಾಂಸದ ಹಿಡಿತ, ಆದ್ದರಿಂದ ಕಾಲು ಹಗುರಾಗಿ ಬಿಟ್ಟುಕೊಂಡಿತು. ಹೆಣ್ಣೇ ಎಂಬುದಕ್ಕೆ ಸಾಕ್ಷಿಯಾಗಿ ಕೆಚ್ಚಲಿನ ಒಂದು ಭಾಗವನ್ನು ತೊಡೆಯಿಂದ ಬೇರ್ಪಡಿಸದೆ ಹಾಗೆಯೇ ಉಳಿಸಿದೆವು, ನಿಯಮ ಹಾಗಿದೆ. ಬಟ್ಟೆಯ ಚೀಲಗಳಲ್ಲಿ ತುಂಬಿ ನೆರಳಿನ ಕೊಂಬೆಗೆ ತೂಗುಹಾಕಿದ ಮಾಂಸದಿಂದ ಚಳಿಗೆ ಆವಿ ಏಳುತ್ತಿತ್ತು.

ಹೊರುವುದಕ್ಕೆ ಮೂರು ಸರತಿ ಬೇಕಾಯಿತು. ಹಿಂದೊಡೆಗಳನ್ನು ನಾನು ಒಂದೊಂದಾಗಿ ಹೊತ್ತೆ. ಅಪ್ಪ ಮುಂಗಾಲುಗಳನ್ನೂ ಕೊನೆಯಲ್ಲಿ ಹೃದಯ ಮತ್ತು ಬೆನ್ನಿನ ಮಾಂಸದ ಚೀಲವನ್ನೂ ತಂದರು. ಪ್ರತಿ ಸರತಿಯಲ್ಲೂ ಬಿದ್ದ ಮರವೊಂದರ ಮೇಲೆ ಭಾರ ಆನಿಸಿ ನಿಂತರು, ಒಮ್ಮೆಯೂ ಕೂರಲಿಲ್ಲ. ಕೊನೆಯ ಸಲ ಟ್ರಕ್ಕಿನ ಹತ್ತಿರ ಬಂದಾಗ ಅವರ ಅಂಗಿಯ ಬೆನ್ನು ಪೂರ್ತಿ ತೊಯ್ದಿತ್ತು, ಮುಖದಲ್ಲಿ ಬೆಳಗಿನ ಕಳೆಯೇ ಇತ್ತು.

ರಾತ್ರಿ ಡೇರೆಯಲ್ಲಿ ಅವರು ನಕ್ಷೆ ಬಿಡಿಸಿ, ಪೆನ್ಸಿಲನ್ನು ನನ್ನ ಕಡೆ ಚಾಚಿದರು. "ಮುಂದಿನ ವರ್ಷದ್ದು ನೀನೇ ಎಳೆ."

ಎಲ್ಕ್ ಬಿದ್ದ ಜಾಗವನ್ನು ಹುಡುಕಿ, ಅದರಿಂದ ಒಂದು ಬೆರಳಿನಷ್ಟು ಆಚೆ ಗೆರೆ ಎಳೆದು ಇಸವಿ ಬರೆದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿ, ಇನ್ನೂ ಸ್ವಲ್ಪ ಆಚೆಗೆ ಇದ್ದರೂ ನಡೆಯುತ್ತಿತ್ತು ಎಂದರು. ನಾನು ಗೆರೆಯನ್ನು ಅಲ್ಲೇ ಬಿಟ್ಟು ನಕ್ಷೆ ಮಡಿಸಿದೆ.