ನೀರು ಕೇಳಿದರೆ ಕೊಡ್ತೀರಾ?

ಅಮೆರಿಕದ ಆಸ್ಪತ್ರೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಕೆಲಸಕ್ಕೆ ಇಂಟರ್‌ವ್ಯೂ ಹೇಗಿರುತ್ತದೆ ಅಂತ ಊರಿನಿಂದ ಕೆಲವರು ಕೇಳಿದ್ದೀರಿ. ಹೆಚ್ಚಿನವರು ಗಂಡನ ಜೊತೆ ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾದ ಮೇಲೆ ಹೆಂಡತಿಗೆ ಸಿಗುವ ವೀಸಾದಲ್ಲಿ, ಬರಲು ಹೊರಟವರು. ಹಾಗಾಗಿ ಮೊದಲು ಒಂದು ಮಾತು. ಬರೀ ಎಚ್-4 ಇದ್ದರೆ ಇಲ್ಲಿ ದುಡಿಯುವ ಹಾಗಿಲ್ಲ. ಗಂಡನ ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ ಇಎಡಿ ಅನ್ನುವ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. 2015ರಿಂದ ಈ ದಾರಿ ಇದೆ.

ಆಮೇಲೆ ತರಬೇತಿ. ಇಡೀ ದೇಶಕ್ಕೆ ಕನಿಷ್ಠ 75 ಗಂಟೆ ಅಂತ ನಿಯಮ. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ 160: ಅರವತ್ತು ಗಂಟೆ ಪಾಠ, ನೂರು ಗಂಟೆ ರೋಗಿಗಳ ಜೊತೆ. ಪರೀಕ್ಷೆ, ಬೆರಳ ಗುರುತು ಕೊಡುವುದು ಎಲ್ಲ ಮುಗಿದ ಮೇಲೆ ಸಿಎನ್‌ಎ (ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್) ಸರ್ಟಿಫಿಕೇಟ್.

ನನ್ನ ಇಂಟರ್‌ವ್ಯೂನಲ್ಲಿ ಪ್ರಶ್ನೆ ಕೇಳಲು ಮೂವರಿದ್ದರು. ನರ್ಸ್ ಮ್ಯಾನೇಜರ್, ಒಬ್ಬ ಹಿರಿಯ ನರ್ಸ್, ಮತ್ತೆ ಅದೇ ವಾರ್ಡಿನಲ್ಲಿ ಇದೇ ಕೆಲಸ ಮಾಡುವ ಒಬ್ಬಳು. ಆ ಮೂರನೆಯವಳನ್ನು ಹಗುರವಾಗಿ ತಗೋಬೇಡಿ. ಹನ್ನೆರಡು ಗಂಟೆಯ ಪಾಳಿಯಲ್ಲಿ ನಿಮ್ಮ ಜೊತೆ ಹೆಣಗಬೇಕಾದವಳು ಅವಳೇ ಅಲ್ವಾ.

ಅವಳು ಕೇಳಿದ ಪ್ರಶ್ನೆ: "ರೋಗಿ ಬಾಯಾರಿಕೆ, ನೀರು ಕೊಡು ಅಂತಾರೆ. ಏನು ಮಾಡ್ತೀಯ?"

ನಮ್ಮ ಬಾಯಿಗೆ ತಕ್ಷಣ ಬರುವ ಉತ್ತರ "ಕೊಡ್ತೀನಿ". ಅಲ್ಲೇ ಕೆಲಸ ಕೆಡುತ್ತದೆ. ಆಪರೇಷನ್‌ಗೆ ಮುಂಚೆ ಹೊಟ್ಟೆ ಖಾಲಿ ಇರಬೇಕಾದವರು ಇರುತ್ತಾರೆ. ಸ್ಟ್ರೋಕ್ ಆಗಿ ನುಂಗುವುದು ಕಷ್ಟವಾದವರಿಗೆ ತೆಳು ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಅಂಥವರಲ್ಲಿ ಕೆಲವರಿಗೆ ಪುಡಿ ಬೆರೆಸಿ ಮಂದ ಮಾಡಿದ ನೀರೇ ಕೊಡಬೇಕು. ಹಾರ್ಟ್ ಫೇಲ್ಯೂರ್ ಇರುವವರಿಗೆ ದಿನಕ್ಕೆ ಇಷ್ಟೇ ಅಂತ ಅಳತೆ ಇರಬಹುದು. ಹಾಸಿಗೆ ಪಕ್ಕದ ಬೋರ್ಡ್ ನೋಡುತ್ತೇನೆ, ಸಂಶಯ ಇದ್ದರೆ ನರ್ಸನ್ನು ಕೇಳುತ್ತೇನೆ, ಕೊಟ್ಟರೆ ಎಷ್ಟು ಕುಡಿದರು ಅಂತ ಬರೆದಿಡುತ್ತೇನೆ ಅಂದೆ. ಅವಳು ತಲೆ ಆಡಿಸಿದಳು.

ಮುಂದಿನ ಪ್ರಶ್ನೆಗಳೂ ಹೆಚ್ಚು ಕಡಿಮೆ ಇದೇ ಜಾಡಿನವು. ಡ್ರಿಪ್ ಹರಿಸುವ ಐವಿ ಪಂಪ್ ಕೂಗುತ್ತಿದೆ, ನರ್ಸ್ ಹತ್ತಿರದಲ್ಲಿಲ್ಲ. ಬಟನ್ ಒತ್ತುತ್ತೀಯಾ? ಇಲ್ಲ, ನರ್ಸನ್ನು ಕರೆಯುತ್ತೇನೆ. ರೋಗಿ ಸ್ನಾನ ಬೇಡ ಅಂದರೆ? ಬೇಡ ಅನ್ನುವ ಹಕ್ಕು ಅವರದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತೇನೆ, ಆಗಲೂ ಬೇಡ ಅಂದರೆ ನರ್ಸ್‌ಗೆ ತಿಳಿಸುತ್ತೇನೆ. ನಡೆಸುವಾಗ ರೋಗಿ ಕುಸಿದರೆ? ಎತ್ತಿ ಹಿಡಿಯಲು ಹೋದರೆ ಇಬ್ಬರೂ ಬೀಳುತ್ತೇವೆ. ರೋಗಿಯ ಸೊಂಟಕ್ಕೆ ಕಟ್ಟಿದ ಬೆಲ್ಟ್ ಹಿಡಿದು, ನನ್ನ ಕಾಲಿಗೆ ಒರಗಿಸಿಕೊಂಡು ಮೆಲ್ಲಗೆ ನೆಲಕ್ಕೆ ಇಳಿಸಬೇಕು, ತಲೆ ಕಾಯಬೇಕು, ನರ್ಸ್ ಬಂದು ನೋಡುವವರೆಗೆ ಅಲುಗಿಸಬಾರದು. ಇದನ್ನು ನಾನು ಎದ್ದು ನಿಂತು ಮಾಡಿಯೇ ತೋರಿಸಿದೆ.

ನಮಗೆ ಇಂಟರ್‌ವ್ಯೂ ಅಂದರೆ ಎಲ್ಲವೂ ಬರುತ್ತದೆ, ಏನು ಕೊಟ್ಟರೂ ಮಾಡುತ್ತೇನೆ ಅಂತ ಹೇಳಿ ರೂಢಿ. ಇಲ್ಲಿ ಹಾಗೆ ಹೇಳುವವರನ್ನು ಕಂಡರೆ ಆಸ್ಪತ್ರೆಯವರಿಗೆ ದಿಗಿಲು. ಎಲ್ಲಿಗೆ ನನ್ನ ಕೆಲಸ ಮುಗಿಯಿತು, ಎಲ್ಲಿಂದ ನರ್ಸ್ ಕೆಲಸ ಶುರು ಅಂತ ಗೊತ್ತಿರುವವರು ಬೇಕು. ಇಂಗ್ಲಿಷ್ ಉಚ್ಚಾರಣೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. "ನರ್ಸ್‌ಗೆ ತಿಳಿಸುತ್ತೇನೆ" ಅನ್ನುವುದು ಸ್ಪಷ್ಟವಾಗಿ ಬಂದರೆ ಸಾಕು.

ಕೊನೆಗೆ ನಿಮ್ಮ ಪ್ರಶ್ನೆ ಏನು ಅಂತ ಕೇಳುತ್ತಾರೆ. ಏನೂ ಇಲ್ಲ ಅನ್ನಬೇಡಿ. ಒಬ್ಬ ಅಸಿಸ್ಟೆಂಟ್‌ಗೆ ಎಷ್ಟು ರೋಗಿಗಳು ಅಂತ ಕೇಳಿ. ಕ್ಯಾಲಿಫೋರ್ನಿಯಾದ ಸಾಮಾನ್ಯ ವಾರ್ಡಿನಲ್ಲಿ ಒಬ್ಬ ನರ್ಸ್‌ಗೆ ಐದು ರೋಗಿಗಳಿಗಿಂತ ಹೆಚ್ಚು ಕೊಡುವಂತಿಲ್ಲ, ಅದು ಕಾನೂನು. ಆಸ್ಪತ್ರೆಯ ಅಸಿಸ್ಟೆಂಟ್‌ಗೆ ಅಂಥ ಮಿತಿಯ ರಕ್ಷಣೆ ಇಲ್ಲ. ನಾನು ಕೇಳಿದಾಗ ಮ್ಯಾನೇಜರ್ "ಅದು ದಿನದಿಂದ ದಿನಕ್ಕೆ ಬದಲಾಗುತ್ತೆ" ಅಂದರು. ಮೂರನೆಯವಳು ಮಾತ್ರ "ಹಗಲು ಹತ್ತು, ರಾತ್ರಿ ಹದಿಮೂರು, ಯಾರಾದರೂ ರಜೆ ಹಾಕಿದರೆ ಇನ್ನೂ ಜಾಸ್ತಿ" ಅಂತ ನೇರವಾಗಿ ಹೇಳಿಬಿಟ್ಟಳು. ಅವಳ ಮಾತು ನಂಬಿ ಹಗಲು ಪಾಳಿ ಕೇಳಿದೆ. ಸಿಕ್ಕಿದ್ದು ರಾತ್ರಿಯದು.