ಲಾದಿನೊ ಹಾಡು ಕಲಿಕೆ: ಹಾರ್ಮೋನಿಯಂ ಮುಚ್ಚಿಟ್ಟ ಮೇಲೆ

ಎರಡನೆಯ ಚರಣವೂ ಬಾಯಿಗೆ ಬಂದಿದೆ. ಉಚ್ಚಾರಣೆ ಇನ್ನೂ ತೊಡರುತ್ತದೆ, ಅದರ ಪಾಡಿಗೆ ಅದು ಸರಿಹೋಗಲಿ. ಈ ವಾರವೆಲ್ಲ ಕಾಡಿದ್ದು ಸ್ವರಸ್ಥಾನ.

1492ರಲ್ಲಿ ಸ್ಪೇನ್ ಹೊರಗಟ್ಟಿದ ಯಹೂದಿಗಳು ಒಯ್ದ ಹಳೆಯ ಸ್ಪ್ಯಾನಿಷ್ ನುಡಿಯೇ ಲಾದಿನೊ. ಅವರು ಇಸ್ತಾಂಬುಲ್, ಇಜ್ಮಿರ್, ಸಲೋನಿಕಾಗಳಲ್ಲಿ ನೆಲೆಸಿದ ಮೇಲೆ ಹಾಡುಗಳಿಗೆ ತುರ್ಕಿಯ ಮಕಾಮ್‌ಗಳ, ಅಂದರೆ ನಮ್ಮ ರಾಗಗಳಂಥ ಸ್ವರಕ್ರಮಗಳ, ಬಣ್ಣ ಹತ್ತಿತು. ನಾನು ಆರಿಸಿಕೊಂಡಿರುವ ಪ್ರೇಮಗೀತೆ ಹಿಜಾಜ್ ಮಕಾಮಿನದು. ಸ್ಥೂಲವಾಗಿ ನಮ್ಮ ಕರ್ನಾಟಕ ಸಂಗೀತದ ವಕುಳಾಭರಣ ರಾಗವೆನ್ನಬಹುದು: ಶುದ್ಧ ರಿಷಭ, ಅಂತರ ಗಾಂಧಾರ. ಆದರೆ ತುರ್ಕಿಯ ಗಾಯಕರು ರಿಷಭವನ್ನು ಕೂದಲೆಳೆಯಷ್ಟು ಏರಿಸಿ, ಗಾಂಧಾರವನ್ನು ತುಸು ಇಳಿಸಿ ಹಾಡುತ್ತಾರೆ. ಹಾರ್ಮೋನಿಯಮ್ಮಿನ ಮನೆಗಳು ಇದಕ್ಕೆ ಒಪ್ಪುವುದಿಲ್ಲ. ಅದನ್ನು ಮುಚ್ಚಿಟ್ಟು ತಂಬೂರಿಯ ಶ್ರುತಿಗೆ ಹಾಡತೊಡಗಿದಾಗಲೇ ಗಂಟಲು ಹಿಡಿತಕ್ಕೆ ಬಂದದ್ದು.

ಜೊತೆಗೆ ಲಾದಿನೊ ಹಾಡುಗಳ ಗಾಯಕಿ ಯಾಸ್ಮಿನ್ ಲೆವಿಯವರನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಅವರ ತಂದೆ ಇತ್ಸಾಕ್ ಲೆವಿ ತುರ್ಕಿಯ ಮನಿಸಾದಲ್ಲಿ ಹುಟ್ಟಿದವರು. ಜೆರುಸಲೇಮಿನಲ್ಲಿದ್ದು ಬಾಯಿಂದ ಬಾಯಿಗೆ ಬಂದ ಹಾಡುಗಳನ್ನು ಸಂಗ್ರಹಿಸಿ, ಸ್ವರಲಿಪಿಯೊಂದಿಗೆ ಸಂಪುಟಗಳಾಗಿ ಪ್ರಕಟಿಸಿದರು. ಅವರು ತೀರಿಕೊಂಡಾಗ ಮಗಳಿಗೆ ಒಂದು ವರ್ಷ. 2009ರ ‘ಸೆಂತಿರ್’ ಆಲ್ಬಮ್ಮಿನಲ್ಲಿ ತಂದೆಯ ಹಳೆಯ ಧ್ವನಿಮುದ್ರಣದ ಜೊತೆ ಮಗಳು ದನಿಗೂಡಿಸಿದ್ದಾರೆ. ತಂದೆಯದು ನೇರವಾದ, ಅಲಂಕಾರವಿಲ್ಲದ ಗಾಯನ. ಮಗಳದು ಬಿಕ್ಕುವಷ್ಟು ಭಾವೋದ್ವೇಗ. ನನಗೆ ತಂದೆಯದೇ ಹಿಡಿಸಿತು, ಮಗಳ ಅಭಿಮಾನಿಗಳು ಕ್ಷಮಿಸಬೇಕು.

ಆದರೆ ಮಗಳು ಬೆರೆಸಿದ, ದಕ್ಷಿಣ ಸ್ಪೇನಿನ ಫ್ಲಮೆಂಕೊ ಸಂಗೀತದ ಗಿಟಾರನ್ನು ತಳ್ಳಿಹಾಕಲಾರೆ. ಷಡ್ಜಕ್ಕೆ ಅಂಟಿ ಕೂರುವ ಆ ರಿಷಭ ಫ್ಲಮೆಂಕೊಗೂ ಜೀವಾಳ. ಅದಕ್ಕೇ ಬೆಸುಗೆ ಕಾಣಿಸದಷ್ಟು ನಯವಾಗಿದೆ. ಹಾಡುಗಳು ತವರಿಗೆ ಮರಳಿದವು ಎಂದು ಕೆಲವರು ಹೇಳುವುದು ಮಾತ್ರ ಒಪ್ಪತಕ್ಕದ್ದಲ್ಲ. ಫ್ಲಮೆಂಕೊ ಇಂದಿನ ರೂಪ ತಳೆದದ್ದು ಯಹೂದಿಗಳು ಹೊರಬಿದ್ದು ಶತಮಾನಗಳಾದ ಮೇಲೆ. ಇದು ಈ ಕಾಲದ ಗಾಯಕಿಯೊಬ್ಬರ ಆಯ್ಕೆ. ಹಾಗೆಂದು ಒಪ್ಪಿಕೊಂಡರೆ ಅದರ ಬೆಲೆಯೇನೂ ಕುಗ್ಗುವುದಿಲ್ಲ.

ಮನೆಗೆಲಸ, ಮದುವೆ, ಬಾಣಂತನಗಳ ನಡುವೆ ಹೆಂಗಸರು ಈ ಬಗೆಯ ಹಾಡುಗಳನ್ನು ವಾದ್ಯವಿಲ್ಲದೆ, ಇಲ್ಲವೇ ‘ಪಾಂದೇರೊ’ ಎಂಬ ಚೌಕಟ್ಟಿನ ಚರ್ಮವಾದ್ಯ ಬಡಿಯುತ್ತ ಹಾಡುತ್ತಿದ್ದರು. ನನ್ನಲ್ಲಿ ಅದಿಲ್ಲ, ಗೆಳೆಯನ ಖಂಜಿರ ಇದೆ. ಗುಮುಕಿ ಎಂಬ ಮಂದ್ರದ ನಾದಗಳನ್ನು ಬಿಟ್ಟು ಬರಿಯ ಹೊಡೆತ ನುಡಿಸಲು ಅವನನ್ನು ಒಪ್ಪಿಸುವುದೇ ಕಷ್ಟವಾಗಿದೆ. ಮುಂದಿನ ವಾರ ಗಿಟಾರಿನ ಒಂದು ರೂಪ, ಖಂಜಿರದ ಒಂದು ರೂಪ, ಎರಡನ್ನೂ ಧ್ವನಿಮುದ್ರಿಸುತ್ತೇನೆ. ಮೂರನೆಯ ಚರಣ ಅಷ್ಟರೊಳಗೆ ಕಂಠಪಾಠವಾಗಬೇಕು.